ಕೌದಳ್ಳಿಯ ಜಪಾನ್ ಬಟ್ಟಲು

ಲಂಗದ ಲಾಡಿ ಒಳಕ್ಕೆ ಜಾರಿ ಹೋದರೆ ಅದನ್ನು ಹೊರಗೆಳೆಯಲು ನಿಮ್ಮ ಮನೆಯಲ್ಲಿ ಏನು ಬಳಸುತ್ತೀರೋ ಗೊತ್ತಿಲ್ಲ. ಬಹಳ ಮನೆಗಳಲ್ಲಿ ಪಿನ್ನು. ಯಳಂದೂರಿನ ನಮ್ಮ ಮನೆಯಲ್ಲಿ ಮಾತ್ರ ಒಂದು ಜಪಾನಿ ಕಡ್ಡಿ. ಬಿದಿರಿನದು, ಗೇಣುದ್ದ, ತುದಿಗೆ ಹೋಗುತ್ತಾ ಸಣ್ಣ. ಇದರ ಜೋಡಿ ಧನಗೆರೆಯಲ್ಲಿ ನಮ್ಮ ದೊಡ್ಡವ್ವನ ತುರುಬಿನಲ್ಲಿದೆ. ಜಪಾನಿನವರು ಎರಡನ್ನೂ ಒಂದೇ ಕೈಯಲ್ಲಿ ಹಿಡಿದು ಊಟ ಮಾಡುತ್ತಾರಂತೆ. ನಾವು ಅವುಗಳನ್ನು ಎರಡು ತಾಲ್ಲೂಕಿಗೆ ಹಂಚಿಬಿಟ್ಟಿದ್ದೇವೆ.

"ಇದೆಲ್ಲಿ ಸಿಕ್ತು?" ಎಂದು ಕೇಳಿದವರಿಗೆ "ಕೌದಳ್ಳಿ ಜಪಾನಿ ಹೋಟ್ಲಲ್ಲಿ" ಎನ್ನುತ್ತೇನೆ. ಕೌದಳ್ಳಿ ಗೊತ್ತಿಲ್ಲದವರು ನಂಬುತ್ತಾರೆ. ಗೊತ್ತಿರುವವರು ನಗುತ್ತಾರೆ. ಹನೂರು ದಾಟಿ ಮಾದಪ್ಪನ ಬೆಟ್ಟದ ದಾರಿ ಹಿಡಿದರೆ ಸಿಗುವ ಊರು ಅದು. ಜೋಳದ ಹೊಲ, ನಾಲ್ಕು ಅಂಗಡಿ, ಬೆಟ್ಟಕ್ಕೆ ಹೋಗುವ ಬಸ್ಸುಗಳ ಧೂಳು. ಅಲ್ಲಿ ಜಪಾನು ಎಲ್ಲಿಂದ ಬರಬೇಕು? ಆದರೆ ಬಂದಿತ್ತು. ಅದನ್ನು ಕಂಡುಹಿಡಿದದ್ದು ನಾನಲ್ಲ, ಎಂಬತ್ತು ದಾಟಿದ ನಮ್ಮ ದೊಡ್ಡವ್ವನ ಮೂಗು.

ಮೂಗಿಗಿಂತ ಮೊದಲು ಅವಳ ಬೆರಳಿನ ಮಾತು ಹೇಳಬೇಕು. ದೊಡ್ಡವ್ವ ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಧನಗೆರೆಯ ಮನೆಯಲ್ಲಿ ನಾವು ಹುಡುಗರು ಒಂದು ಹಿಂಡು. ಕೆರೆಯ ನೀರು ತಳ ಕಂಡು ಮೀನು ಹಿಡಿದ ದಿನ ನಮ್ಮನ್ನೆಲ್ಲ ಸುತ್ತ ಕೂರಿಸಿಕೊಂಡು, ನಡುವೆ ದೊಡ್ಡ ತಣಿಗೆ ಇಟ್ಟುಕೊಂಡು ಅವಳು ಕೂರುತ್ತಿದ್ದಳು. ಗೆಂಡೆ ಮೀನು ತಿಂದವರಿಗೆ ಗೊತ್ತು, ಅದರ ಮೈಯಲ್ಲಿ ಮಾಂಸಕ್ಕಿಂತ ಮುಳ್ಳು ಹೆಚ್ಚು. ಕೂದಲಿನಂಥ ಮುಳ್ಳು, ಕವಲೊಡೆದ ಮುಳ್ಳು. ದೊಡ್ಡವ್ವ ತಣಿಗೆಯ ಕಡೆ ನೋಡುತ್ತಲೇ ಇರಲಿಲ್ಲ. ಕಣ್ಣು ಒಲೆಯ ಮೇಲೆ, ಬಾಯಿ ಗೋಡೆಯಾಚೆಯ ನೆರೆಯವಳ ಜೊತೆ ಜಗಳದಲ್ಲಿ, ಬೆರಳು ಮಾತ್ರ ಮೀನಿನೊಳಗೆ. ಮುಳ್ಳೆಲ್ಲ ತಣಿಗೆಯ ಅಂಚಿಗೆ, ಮೀನೆಲ್ಲ ನಮ್ಮ ಬಾಯಿಗೆ. "ಆ ಅನ್ನು" ಎಂದರೆ ಆ ಅನ್ನಬೇಕು. ನಾನು ಮಾತು ಕಲಿತದ್ದೂ ಆ ಸಾಲಿನಲ್ಲಿ ಕೂತೇ. ತುತ್ತಿನ ಜೊತೆ ಬೈಗುಳ, ಒಗಟು, ಯಾರ ಮನೆಯ ಸೊಸೆ ಯಾರಿಗೆ ಏನೆಂದಳು ಎಂಬುದೆಲ್ಲ ಒಟ್ಟಿಗೇ ಇಳಿಯುತ್ತಿತ್ತು. ಅವಳ ಕೈಯಿಂದ ತಿಂದ ಯಾವ ಕೂಸಿಗೂ ಒಂದು ಮುಳ್ಳು ಚುಚ್ಚಿದ್ದು ನನಗೆ ನೆನಪಿಲ್ಲ. ಎಲ್ಲ ಮುಗಿದ ಮೇಲೆ ಅವಳಿಗೆ ಉಳಿಯುತ್ತಿದ್ದದ್ದು ತಲೆ, ಬಾಲ ಮತ್ತು ಸಾರು.

ವಯಸ್ಸಾಯಿತು. ಕಣ್ಣು ಮಂಜಾಯಿತು, ಆಪರೇಷನ್ನಿನಿಂದಲೂ ಪೂರಾ ತಿಳಿಯಾಗಲಿಲ್ಲ. ಬೆರಳಿಗೂ ಜೋಮು. ಒಂದು ದಿನ ಮುಳ್ಳು ಗಂಟಲಿಗೆ ಸಿಕ್ಕಿಕೊಂಡು, ಅನ್ನದುಂಡೆ ನುಂಗಿಸಿ, ಬಾಳೆಹಣ್ಣು ನುಂಗಿಸಿ, ಕಡೆಗೆ ಕೊಳ್ಳೇಗಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ಅಲ್ಲಿಂದ ಬಂದವಳೇ, "ನಾ ಮೀನ ಬುಟ್ಟೆ ಕಣಮ್ಮಿ" ಎಂದಳು, ಕಾಶಿಯಲ್ಲಿ ಬಿಟ್ಟು ಬಂದವರ ಗತ್ತಿನಲ್ಲಿ. ಆಮೇಲೆ ಬರೀ ಸಾರು. ನಾವು ಮುಳ್ಳು ತೆಗೆದುಕೊಡುತ್ತೇವೆ ಅಂದರೆ ಸಿಟ್ಟು. "ನನ್ ಕೈಲಿ ಉಂಡ ಕೂಸ್ಗಳ ಕೈಲಿ ನಾ ಉಣ್ಬೇಕಾ? ಇನ್ನೂ ಅಷ್ಟು ಮುಪ್ಪು ಬಂದಿಲ್ಲ ನಂಗೆ."

ಇಂಥ ದೊಡ್ಡವ್ವನನ್ನು ಕರೆದುಕೊಂಡು ನಾನು ಬೆಟ್ಟಕ್ಕೆ ಹೊರಟಿದ್ದೆ. ಬಸ್ಸು ಕೌದಳ್ಳಿಯಲ್ಲಿ ನಿಂತಾಗ ಕಿಟಕಿಯಿಂದ ಒಂದು ವಾಸನೆ ಒಳಗೆ ಬಂತು. ದೊಡ್ಡವ್ವ ಸರಕ್ಕನೆ ಸೆರಗನ್ನು ಮೂಗಿಗೆ ಒತ್ತಿಕೊಂಡಳು.

"ಕಿಟ್ಕಿ ಆಕಮ್ಮಿ. ಮೀನ್ ಸುಡ್ತಾವ್ರೆ ಯಾರೋ."

"ಆದ್ರೇನು ದೊಡ್ಡವ್ವ, ನಾವೇನು ತಿಂತಾ ಇದ್ದೀವಾ?"

"ಬೆಟ್ಟಕ್ಕೋಯ್ತಾ ಇವ್ನಿ. ಮೂಗಿಗೂ ಸೋಕ್ಬಾರ್ದು."

ಹೋಗುವಾಗ ಮಾದಪ್ಪನಿಗಾಗಿ ಕಟ್ಟುನಿಟ್ಟು. ಬರುವಾಗ ಮಾದಪ್ಪ ನೋಡುವುದಿಲ್ಲ. ನಮ್ಮ ಕಡೆ ಅನೇಕರ ಲೆಕ್ಕ ಹೀಗೇ. ಮರುದಿನ ಸೇವೆ ಮುಗಿಸಿ ಇಳಿಯುವಾಗ ಬಸ್ಸು ಇನ್ನೂ ಕಾಡಿನಲ್ಲಿತ್ತು, ದೊಡ್ಡವ್ವ ಕಿಟಕಿ ಪೂರಾ ತೆರೆದು ಕೂತಿದ್ದಳು.

"ಕೌದಳ್ಳಿ ಬಂತಾ?"

"ಇನ್ನೂ ಇಲ್ಲ."

"ಏನ್ ಬಸ್ಸಮ್ಮಿ ಇದು, ನಡ್ಕಂಡು ಬಂದಿದ್ರೆ ಆಗಿರದು."

ಕೌದಳ್ಳಿಯಲ್ಲಿ ಕಂಡಕ್ಟರು "ಟೀ ಕುಡಿಯೋರು ಕುಡೀರಿ, ಬೇಗ ಬನ್ನಿ" ಎಂದದ್ದೇ ತಡ, ಪ್ರಸಾದದ ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ದೊಡ್ಡವ್ವ ಇಳಿದೇಬಿಟ್ಟಳು. ಮೆಟ್ಟಿಲು ಕಾಣದ ಹೆಂಗಸು ಟೀ ಅಂಗಡಿ ದಾಟಿ, ಬಾಳೆಹಣ್ಣಿನ ಗಾಡಿ ದಾಟಿ, ಪಂಕ್ಚರ್ ಅಂಗಡಿಯ ಹಳೇ ಟಯರುಗಳ ಸಂದಿಯಲ್ಲಿ ನುಗ್ಗಿ ಹೊರಟೇ ಹೋದಳು. ಹಿಂದೆ ನಾನು, "ದೊಡ್ಡವ್ವಾ, ಬಸ್ಸು! ದೊಡ್ಡವ್ವಾ, ಕಲ್ಲು!" ಅಂತ ಕೂಗುತ್ತಾ.

ಟಯರುಗಳ ಹಿಂದೆ ಒಂದು ಹೊಂಗೆ ಮರ. ಮರದ ಕೆಳಗೆ ತಗಡಿನ ಶೆಡ್ಡು. ಒಳಗೊಂದು ಉದ್ದನೆ ಹಲಗೆ, ನಾಲ್ಕು ಸ್ಟೂಲು. ಕಲ್ನಾರಿನ ತುಂಡಿನ ಮೇಲೆ ನೀಲಿ ಬಣ್ಣದಲ್ಲಿ ಬರೆದಿತ್ತು: "ಜಪಾನ್ ಬಟ್ಟಲು ಊಟ. ಮೀನು ಬಂದ ದಿನ ಮಾತ್ರ." ಹಣೆಗೆ ಬಿಳೀ ಬಟ್ಟೆ ಕಟ್ಟಿಕೊಂಡ ಒಬ್ಬ ಯುವಕ ಇದ್ದಿಲ ಕೆಂಡದ ಮೇಲೆ ಮೀನು ತಿರುವುತ್ತಿದ್ದ.

"ಬನ್ನಿ ಅಜ್ಜಿ, ಬನ್ನಿ ಅಮ್ಮ, ಕೂತ್ಕಳಿ."

"ಏನ್ಲಾ ಬೇಯಿಸ್ತಾ ಇದ್ದೀಯೆ?" ಎಂದಳು ದೊಡ್ಡವ್ವ. "ಮೀನಿನ ವಾಸ್ನೆನೂ ಬತ್ತದೆ, ಬೆಲ್ಲದ ವಾಸ್ನೆನೂ ಬತ್ತದೆ. ಯಾವುದಾದ್ರೂ ಒಂದ ಮಾಡು."

ಯುವಕ ನಕ್ಕ. ಹೆಸರು ಮುರುಗೇಶ, ಊರು ಬೆಟ್ಟದಾಚೆ ತಮಿಳು ಗಡಿಯ ಗೋಪಿನಾಥಂ. ಬೆಂಗಳೂರಿನಾಚೆ ಒಂದು ಕಾರ್ಖಾನೆಯ ಗೆಸ್ಟ್ ಹೌಸಿನಲ್ಲಿ ಜಪಾನಿ ಇಂಜಿನಿಯರುಗಳಿಗೆ ಅಡುಗೆ ಮಾಡುವ ಮುದುಕನೊಬ್ಬನಿದ್ದನಂತೆ, ಅವನೂ ಜಪಾನಿನವನೇ. ಅವನ ಕೈಕೆಳಗೆ ಇವನು ಕೆಲಸ ಕಲಿತದ್ದು.

"ಅವ್ರ ಮಾತು ಎಂಗ್ಲಾ ತಿಳೀತಿತ್ತು ನಿಂಗೆ?"

"ತಿಳೀತಿರ್ನಿಲ್ಲ ಅಜ್ಜಿ. ಬೈದ್ರೆ ಮಾತ್ರ ತಿಳೀತಿತ್ತು."

ದೊಡ್ಡವ್ವನಿಗೆ ಈ ಉತ್ತರ ಬಹಳ ಹಿಡಿಸಿತು. ಸ್ಟೂಲಿನ ಮೇಲೆ ಗಟ್ಟಿಯಾಗಿ ಕೂತಳು.

"ಅಲ್ಲಿ ಸಮುದ್ರದ ಮೀನು, ಐಸಲ್ಲಿ ಬರೋದು," ಮುರುಗೇಶ ಬೀಸಣಿಗೆ ಬೀಸುತ್ತಾ ಹೇಳಿದ. "ಅವ್ರು ಹಸೀದೇ ಅನ್ನದ ಮೇಲೆ ಹಾಕ್ಕಂಡು ತಿಂತಾರೆ."

"ಹಸೀದಾ! ಸೌದೆ ಇಲ್ವಾ ಅವ್ರೂರಲ್ಲಿ?"

"ಹೊಳೆ ಮೀನ ಮಾತ್ರ ಹಸೀದು ತಿನ್ಬಾರ್ದು ಅಂತ ಆ ತಾತನೇ ಹೇಳ್ಕೊಟ್ಟಿತ್ತು. ಅದ್ಕೇ ಸುಟ್ಟು ಹಾಕ್ತೀನಿ. ಗೋಪಿನಾಥಂ ಹೊಳೇಲಿ ಬೆಳಿಗ್ಗೆ ಹಿಡ್ದಿದ್ದು, ಮೊದಲ್ನೇ ಬಸ್ಸಿಗೆ ಬತ್ತದೆ. ನಮ್ಗೆ ಅದೇ ಸಮುದ್ರ."

ಅಂದರೆ ಈ ಮೀನು ಮಾದಪ್ಪನ ಬೆಟ್ಟ ಹತ್ತಿ ಇಳಿದೇ ಬರಬೇಕು, ನಮ್ಮ ಹಾಗೆ. ನನಗೆ ನಗು ಬಂತು. ದೊಡ್ಡವ್ವನಿಗೆ ಹೇಳಲಿಲ್ಲ, ಹೇಳಿದ್ದರೆ ಮೀನಿಗೂ ಕೈಮುಗಿಯುತ್ತಿದ್ದಳು.

ಒಲೆಯಿಂದ ಅನ್ನ ಇಳಿಸುತ್ತಿದ್ದ ಮುರುಗೇಶನ ಹೆಂಡತಿ ಸೆಲ್ವಿ ನನ್ನ ಹತ್ತಿರ ನೀರಿನ ಚೊಂಬು ಇಡುತ್ತಾ ಮೆಲ್ಲಗೆ ಹೇಳಿದಳು, "ಇವತ್ತೇ ಬಂದ್ರಿ ಒಳ್ಳೇದಾಯ್ತು ಅಮ್ಮ. ನಾಳೆ ಬಂದಿದ್ರೆ ಇರ್ತಿರ್ಲಿಲ್ಲ."

"ಯಾಕೆ?"

ಅವಳು ಕಣ್ಣಿನಲ್ಲೇ ಮರದ ಬುಡ ತೋರಿಸಿದಳು. ಅಲ್ಲಿ ತಲೆಕೆಳಗು ಮಾಡಿದ ಮೀನಿನ ಕ್ರೇಟಿನ ಮೇಲೆ, ನಮಗೆ ಬೆನ್ನು ಹಾಕಿ, ರಸ್ತೆ ನೋಡುತ್ತಾ ಒಬ್ಬ ಮುದುಕ ಕೂತಿದ್ದ.

"ನಮ್ ಮಾವ. ಮೀನು ಹಿಡ್ದು ಕಳಿಸೋರು ಅವ್ರೇ. ಇವತ್ತು ಮೀನಿನ ಜೊತೆ ಅವ್ರೂ ಬಂದವ್ರೆ. ಇದೇ ಕೊನೇ ಮೀನು, ನಾಳೆಯಿಂದ ಲಾರಿಯೋರಿಗೆ ಹಾಕ್ತೀನಿ ಅಂತ ಹೇಳಕ್ಕೇ ಬಂದವ್ರೆ. ಅವ್ರ ಮೀನಿಲ್ದಿದ್ರೆ ಬೋರ್ಡ್ ಇಳಿಸಿ ಪರೋಟ ಹಾಕೋದೇ ನಾವು."

"ಜಗಳವಾ?"

"ಮುಳ್ಳು," ಎಂದಳು ಸೆಲ್ವಿ. "ಇವ್ರು ಮೀನಿಂದ ಮುಳ್ಳು ತೆಗೀತಾರಲ್ಲ, ಅದ್ಕೆ."

ಮುದುಕನ ಕಿವಿ ಚುರುಕು. ಕೂತಲ್ಲೇ ತಿರುಗಿದ. ಅವನ ಹೆಸರು ಪಳನಿ. "ನೀವೇ ನ್ಯಾಯ ಹೇಳಿ ಅಮ್ಮಾ. ಹೊಳೇಲಿ ತೆಪ್ಪ ಹಾಕಿ ನಾನು ಹಿಡ್ಕಂಡ್ ಬರೋದು, ಈ ಪಯ್ಯ ಕೂತ್ಕಂಡು ಚಿಮುಟದಲ್ಲಿ ಪೇನು ಹೆಕ್ಕಿದಂಗೆ ಮುಳ್ಳು ಹೆಕ್ಕೋದು. ಮುಳ್ಳಿಲ್ದಿದ್ರೆ ಅದು ಮೀನಾ, ಬದನೆಕಾಯಾ? ಊರಲ್ಲಿ ನಗ್ತಾರೆ. ತಿನ್ನೋರಾದ್ರೂ ಇದ್ದಾರಾ? ಬೆಟ್ಟಕ್ಕೆ ಹೋಗೋರು ಮುಟ್ಟಲ್ಲ. ಬರೋರು ಬಂದು ಕೂತ್ಕತಾರೆ, ಸಾರೆಲ್ಲಿ ಅಂತಾರೆ, ಎದ್ದು ಹೋಯ್ತಾರೆ. ಪೋದುಂ, ಸಾಕು!"

ಮುರುಗೇಶ ತಲೆ ಎತ್ತಲಿಲ್ಲ. ಚಿಮುಟವನ್ನು ಬಟ್ಟೆಯಲ್ಲಿ ಒರೆಸಿ ಪಕ್ಕಕ್ಕಿಟ್ಟ. ಸೆಲ್ವಿಯ ಮಾತು ದೊಡ್ಡವ್ವನಿಗೆ ಕೇಳಿಸಿರಲಿಲ್ಲ. ಪಳನಿಯ ಕೂಗಾಟವನ್ನು ಅಪ್ಪ ಮಕ್ಕಳ ಮಾಮೂಲಿ ಜಗಳ ಅಂದುಕೊಂಡು, ಅವಳು ಮೂಗಿನ ಕೆಲಸದಲ್ಲಿದ್ದಳು.

ಇಬ್ಬರ ಮುಂದೆಯೂ ಒಂದೊಂದು ಬಟ್ಟಲು ಬಂತು. ಬೊಗಸೆಯಷ್ಟಗಲದ ಪಿಂಗಾಣಿ ಬಟ್ಟಲು. ತಳದಲ್ಲಿ ಬಿಸಿ ಅನ್ನ, ಅದರ ಮೇಲೆ ಮುಚ್ಚಿದ ಹಾಗೆ ಕೆಂಪಗೆ ಸುಟ್ಟ ಗೆಂಡೆಯ ಹೋಳುಗಳು, ಬೆಲ್ಲ ಮತ್ತು ಸೋಯಾ ಸಾಸಿನ ಪಾಕದಿಂದ ಮಿರಮಿರ. ಬದಿಯಲ್ಲಿ ಹೊಳೆ ಸೀಗಡಿ ಒಂದು ಚಿಟಿಕೆ, ನಿಂಬೆಹುಳಿಯಲ್ಲಿ ನೆನೆಸಿದ ಸೌತೆಕಾಯಿ, ಮೇಲೆ ಎಳ್ಳು. ಅನ್ನ ಅಂಟಂಟು. ಅಂಟಂಟಾಗಿಯೇ ಇರಬೇಕಂತೆ, ಅದೇ ಕಸುಬಂತೆ. ಕೇಳಿ ನನಗೆ ಹೊಟ್ಟೆ ಉರಿಯಿತು. ಮದುವೆಯಾಗಿ ಯಳಂದೂರಿಗೆ ಬಂದ ಹೊಸದರಲ್ಲಿ ನಾನು ಮಾಡಿದ ಅನ್ನ ದಿನವೂ ಹೀಗೇ ಇರುತ್ತಿತ್ತು. ನಮ್ಮತ್ತೆ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ, ಪಾತ್ರೆಯನ್ನು ಬೋರಲು ಹಾಕಿ, ಅನ್ನ ಬೀಳದೆ ಹಾಗೇ ನಿಂತದ್ದನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು. ತಪ್ಪು ದೇಶಕ್ಕೆ ಸೊಸೆಯಾಗಿ ಬಂದೆ ಎಂದು ಈಗ ಗೊತ್ತಾಯಿತು.

ಬಟ್ಟಲಿನ ಮೇಲೆ ಎರಡು ಕಡ್ಡಿ ಅಡ್ಡ ಇಟ್ಟಿತ್ತು. ದೊಡ್ಡವ್ವ ಸವರಿ ನೋಡಿ, "ಊದುಬತ್ತಿ ಯಾಕ್ಲಾ ಕೊಟ್ಟೆ?" ಎಂದಳು. ಮುರುಗೇಶ ಹಿಡಿದು ತೋರಿಸಿದ. "ಕೈ ಏನಾಗದೆ ಅವ್ರ್ಗೆ?" ಎಂದು ಕಡ್ಡಿಗಳನ್ನು ತೆಗೆದು ತುರುಬಿಗೆ ಸಿಕ್ಕಿಸಿಕೊಂಡಳು.

ಆಮೇಲೆ ನಾವಿಬ್ಬರೂ ಸುಮ್ಮನೆ ಕೂತೆವು.

ಯಾಕೆಂದರೆ ನಮ್ಮಲ್ಲಿ ಅನ್ನ ಬಡಿಸಿದ ಕೂಡಲೇ ಯಾರೂ ಕೈಹಾಕುವುದಿಲ್ಲ. ಸಾರು ಬರಬೇಕು. ಸಾರು ಬರುವವರೆಗೆ ಅನ್ನದ ಮುಂದೆ ಕೈಕಟ್ಟಿ ಕೂರುವುದು ಮರ್ಯಾದೆ. ಸಾರಿನ ವಿಷಯ ಪಳನಿ ಆಗಷ್ಟೇ ಹೇಳಿದ್ದ, ನಾನು ಕೇಳಿಸಿಕೊಂಡಿದ್ದೆ ಕೂಡ. ಆದರೂ ನೋಡಿ, ಕೈ ಏಳಲಿಲ್ಲ. ಹುಟ್ಟಿದಾಗಿನಿಂದ ಬಂದ ಅಭ್ಯಾಸ ಕಿವಿಯ ಮಾತು ಕೇಳುವುದಿಲ್ಲ. ಮುರುಗೇಶ ನಮ್ಮ ಮುಖ ನೋಡುತ್ತಾ ನಿಂತ. ಸೆಲ್ವಿ ನಿಂತಳು. ಆ ಕಡೆ ಬಸ್ಸು ಹಾರನ್ ಹೊಡೆಯಿತು.

"ಸಾರು ಬುಡ್ಲಾ," ಎಂದಳು ದೊಡ್ಡವ್ವ. "ಎಷ್ಟೊತ್ತು ಕಾಯದು?"

ಪಳನಿ ತೊಡೆ ತಟ್ಟಿಕೊಂಡ. "ಕೇಳ್ಸ್ತಾ? ಹೇಳ್ಲಿಲ್ವಾ ನಾನು!"

"ಇದ್ಕೆ ಸಾರಿಲ್ಲ ಅಜ್ಜಿ," ಮುರುಗೇಶನ ದನಿ ಇಳಿದಿತ್ತು. "ಅನ್ನದ ಕೆಳಗಂಟ ರಸ ಇಳ್ದದೆ. ಹಿಂಗೇ ಒಂದು ತುತ್ತು ನೋಡಿ."

"ಸಾರಿಲ್ವಾ? ಸಾರಿಗಂತಲೇ ಬಂದೆ ಕಣ್ಲಾ ನಾನು!" ದೊಡ್ಡವ್ವ ಬಟ್ಟಲನ್ನು ನನ್ನ ಕಡೆ ತಳ್ಳಿದಳು. "ತಕ್ಕೊ ಅಮ್ಮಿ, ಮೀನೆಲ್ಲ ನೀನೇ ಆಕ್ಕೊ. ನಾ ತಿನ್ನಲ್ಲ."

"ಯಾಕಜ್ಜಿ? ಚೆನ್ನಾಗಿಲ್ವಾ?"

"ನಿನ್ ಮೀನ್ಗೇನಪ್ಪ, ಗಮಗುಟ್ತಾ ಅದೆ. ನಂಗೆ ಮುಳ್ಳು ಕಾಣಲ್ಲ. ಒಂದ್ಸಲ ಗಂಟ್ಲಿಗೆ ಸಿಕ್ಕಂಡಿತ್ತು. ಅಂದಿಂದ ಬುಟ್ಬುಟ್ಟೆ."

ಕೆಂಡದ ಮೇಲೆ ಪಾಕ ತೊಟ್ಟಿಕ್ಕಿ ಚುರ್ ಎಂದಿತು. ಮುರುಗೇಶ ಹಲಗೆ ಸುತ್ತಿ ಈಚೆ ಬಂದು, ಬಟ್ಟಲನ್ನು ಮತ್ತೆ ದೊಡ್ಡವ್ವನ ಮುಂದಿಟ್ಟ.

"ಇದ್ರಲ್ಲಿ ಮುಳ್ಳಿಲ್ಲ ಅಜ್ಜಿ."

"ಗೆಂಡೆ ಅಂತೀಯೆ, ಮುಳ್ಳಿಲ್ಲ ಅಂತೀಯೆ. ಯಾರ್ ಕಿವಿಗ್ಲಾ ಹೂ ಮಡಗ್ತಾ ಇದ್ದೀಯೆ?"

"ಕೈಯಿಟ್ಟು ನೋಡಿ."

ದೊಡ್ಡವ್ವ ಕೈಯಿಟ್ಟಳು. ಒಂದು ಹೋಳನ್ನು ಹೆಬ್ಬೆರಳಲ್ಲಿ ಒತ್ತಿದಳು. ಮಗುಚಿದಳು. ಎಸಳೆಸಳು ಬಿಡಿಸಿದಳು. ಆ ಜೋಮು ಹಿಡಿದ ಬೆರಳುಗಳು ತಣಿಗೆಯ ಮುಂದೆ ಕೂತಿದ್ದ ಕಾಲದ ಹಾಗೇ ಆಡುತ್ತಿದ್ದವು, ಈ ಸಲ ಮಾತ್ರ ಕಣ್ಣು, ಬಾಯಿ, ಮೈಯೆಲ್ಲ ಬೆರಳಿನ ಜೊತೆಗೇ ಇತ್ತು. ಅಂಚಿಗಿಡಲು ಏನೂ ಸಿಗಲಿಲ್ಲ. ಎರಡನೇ ಹೋಳು. ಅಲ್ಲೂ ಇಲ್ಲ.

"ಮುಳ್ಳೆಲ್ಲೋದ್ವಮ್ಮಿ?" ಎಂದಳು ನನ್ನ ಕಡೆ ತಿರುಗಿ, ಯಾರೋ ಕದ್ದರೆಂಬಂತೆ.

ಸಣ್ಣದೊಂದು ತುತ್ತು ಬಾಯಿಗಿಟ್ಟಳು. ನಾಲಿಗೆಯಲ್ಲಿ ಅತ್ತಿತ್ತ ಹೊರಳಿಸಿದಳು. ಗಂಟಲು ಗಟ್ಟಿಮಾಡಿಕೊಂಡು ನುಂಗಿದಳು. ಪಳನಿ ಕ್ರೇಟಿನಿಂದ ಅರ್ಧ ಎದ್ದ. ಎರಡನೇ ತುತ್ತು ಮೊದಲಿನದಕ್ಕಿಂತ ದೊಡ್ಡದು. ಮೂರನೆಯದಕ್ಕೆ ಸೀಗಡಿಯೂ ಸೇರಿತು. ಆಮೇಲೆ ನೋಡುವವರಿದ್ದಾರೆಂಬ ಪರಿವೆ ಅವಳಿಗಿರಲಿಲ್ಲ.

ಟಯರುಗಳ ಸಂದಿಯಿಂದ ಕಂಡಕ್ಟರಿನ ತಲೆ ಕಂಡಿತು. "ರೀ ಅಜ್ಜೀ! ಬೆಟ್ಟದಿಂದ ಬಂದೋರು ಬನ್ರೀ! ಬಸ್ಸು ಬಿಡ್ತೀನಿ!"

ದೊಡ್ಡವ್ವ ತಿರುಗಲೂ ಇಲ್ಲ. "ಬುಟ್ಕಂಡು ಓಗಪ್ಪ," ಎಂದಳು ತುಂಬಿದ ಬಾಯಲ್ಲಿ.

ಬಸ್ಸು ಹೋಯಿತು. ಬಟ್ಟಲು ಬರಿದಾಯಿತು. ತಳದಲ್ಲಿ ಅಂಟಿದ ಅಗುಳನ್ನೂ ಬೆರಳಲ್ಲಿ ಸವರಿ, ಬಟ್ಟಲನ್ನು ಮುರುಗೇಶನ ಕಡೆ ಚಾಚಿದಳು.

"ಇನ್ನೊಂದು ಮಡಗು."

ಮುರುಗೇಶ ನಿಂತೇ ಇದ್ದ. ಕೆಲಸ ಮರೆತ ಹಾಗೆ. ಸೆಲ್ವಿಯೇ ಓಡಿಬಂದು ಅನ್ನ ಹಾಕಿದಳು, ಮೀನು ಹಾಕಿದಳು, ಎಳ್ಳು ಚೆಲ್ಲಿದಳು. ದೊಡ್ಡವ್ವ ಹೊಸ ಬಟ್ಟಲಿನ ಅನ್ನ ಮೀನು ಕಲಸಿ ಒಂದು ತುತ್ತು ಮಾಡಿದಳು. ಬಾಯಿಗೆ ಹೋಗಬೇಕಾದ ಕೈ ನನ್ನ ಕಡೆ ಬಂತು.

"ಆ ಅನ್ನು."

ನನಗೆ ಸೊಸೆ ಬಂದು ವರ್ಷಗಳಾಗಿವೆ. ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳುವ ಹೆಂಗಸು ನಾನು. ಅಷ್ಟು ಜನರ ಮುಂದೆ, ಪಂಕ್ಚರ್ ಅಂಗಡಿಯವನೂ ಇಣುಕುತ್ತಿರುವಾಗ, ಆ ಅಂದೆ. ಮುಳ್ಳಿರಲಿಲ್ಲ. ಅವಳ ಕೈಯಲ್ಲಿ ಯಾವತ್ತು ಇತ್ತು ಹೇಳಿ?

ಮುಂದಿನ ತುತ್ತು ಹಿಡಿದು ಅವಳು ಮರದ ಕಡೆ ಮುಖಮಾಡಿದಳು. "ಏನಪ್ಪಾ, ಮೀನಿನೋನೆ. ಬಾ ಇಲ್ಲಿ."

"ನಂಗ್ ಬೇಡಮ್ಮಾ."

"ತಿಂದಿದ್ದೀಯಾ ಇದ?"

"ಒಂದ್ ದಿನಾನೂ ಮುಟ್ಟಿಲ್ಲ," ಎಂದಳು ಸೆಲ್ವಿ, ಮಾವನ ಮುಖ ನೋಡದೆ.

"ಬಾ ಅಂದ್ರೆ ಬಾ. ಎಷ್ಟೊತ್ತು ಹಿಡ್ಕಂಡಿರ್ಲಿ ಕೈಯ?"

ದೊಡ್ಡವ್ವನ ಆ ದನಿಗೆ ಧನಗೆರೆಯ ಎತ್ತುಗಳೂ ಬರುತ್ತಿದ್ದವು. ಪಳನಿ ಬಂದ. ಅವಳು ಅವನ ಅಂಗೈಗೆ ತುತ್ತು ಹಾಕಿದಳು. ಅವನು ಮುಖ ಗಂಟಿಕ್ಕಿಕೊಂಡು, ತಪ್ಪು ಹುಡುಕಲೆಂದೇ ನಿಧಾನಕ್ಕೆ ಅಗಿದ. ನಾವೆಲ್ಲ ಆ ದವಡೆಯನ್ನೇ ನೋಡುತ್ತಿದ್ದೆವು.

"ಉಪ್ಪು ಕಮ್ಮಿ," ಎಂದ ಕಡೆಗೆ. ಅಂದವನು ಕೈ ಮತ್ತೆ ಒಡ್ಡಿದ.

ದೊಡ್ಡವ್ವ ಇನ್ನೊಂದು ತುತ್ತು ಹಾಕುತ್ತಾ ಮುರುಗೇಶನನ್ನು ಕೇಳಿದಳು, "ಗೆಂಡೆ ಮುಳ್ಳು ತೆಗೆಯದು ನಂಗ್ ಗೊತ್ತು ಕಣ್ಲಾ, ಎಂಥ ಕಷ್ಟ ಅಂತ. ಯಾರ್ ಕಲ್ಸಿದ್ರು? ಆ ಜಪಾನಿ ತಾತನಾ?"

"ತಾತ ಚಿಮುಟ ಕೊಟ್ಟಿತ್ತು," ಎಂದ ಮುರುಗೇಶ. ತಿರುಗಿ ಕೆಂಡ ಕೆದಕತೊಡಗಿದ. "ಮುಳ್ಳು ಎಲ್ಲೆಲ್ಲಿರ್ತದೆ ಅಂತ ಮೊದ್ಲೇ ಗೊತ್ತಿತ್ತು. ಚಿಕ್ಕೋನಾಗಿದ್ದಾಗ ಅಪ್ಪ ತೆಪ್ಪದಲ್ಲಿ ಕೂರಿಸ್ಕಂಡು ಬಿಡಿಸಿ ತಿನ್ನಿಸ್ತಿತ್ತಲ್ಲ."

ಪಳನಿ ಅಂಗೈಗೆ ಅಂಟಿದ ಅಗುಳನ್ನು ಬಹಳ ಹೊತ್ತು ನೋಡಿ, ನೆಕ್ಕಿ, ಕೈ ತೊಳೆಯಲು ಹೋದ.

ನಮ್ಮ ಮುಂದಿನ ಬಸ್ಸು ಬರಲು ಬಹಳ ಹೊತ್ತಾಯಿತು. ಅಷ್ಟರಲ್ಲಿ ದೊಡ್ಡವ್ವ ಬೆಟ್ಟದ ಲಾಡನ್ನು ಎಲ್ಲರಿಗೂ ಹಂಚಿ, ಅನ್ನಕ್ಕೆ ಎಷ್ಟು ನೀರಿಡಬೇಕೆಂದು ಸೆಲ್ವಿಗೆ ಪಾಠ ಹೇಳಿ, ಕಡ್ಡಿಗಳನ್ನು ವಾಪಸು ಕೊಡಲು ಸುತರಾಂ ಒಪ್ಪದೆ, ಪಂಕ್ಚರ್ ಅಂಗಡಿಯವನಿಗೆ ಟಯರು ಪಕ್ಕಕ್ಕೆ ಜರುಗಿಸಿ ದಾರಿ ಬಿಡುವಂತೆ ಅಪ್ಪಣೆ ಮಾಡಿದ್ದಳು.

ಮೊದಲು ಬಂದದ್ದು ಆ ಕಡೆಯ ಬಸ್ಸು, ಗೋಪಿನಾಥಂ ಬೋರ್ಡಿನದು. ಪಳನಿ ಖಾಲಿ ಕ್ರೇಟನ್ನು ಹೆಗಲಿಗೇರಿಸಿ ನಡೆದ. ಮುರುಗೇಶ ರಸ್ತೆಯ ತನಕ ಹಿಂದೆಯೇ ಹೋದ. ಕ್ರೇಟನ್ನು ಒಳಗೆ ತಳ್ಳಿ, ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಕಂಡಕ್ಟರು ಸೀಟಿ ಬಾಯಿಗಿಟ್ಟುಕೊಂಡ ಮೇಲೆ ಮುದುಕ ತಿರುಗಿದ.

"ಡೇ, ನಾಳೆ ಗೆಂಡೆ ಹಾಕ್ಲಾ, ಹಾವುಮೀನು ಹಾಕ್ಲಾ?"

ಮುರುಗೇಶ ಹಣೆಯ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡ.

"ಮುಳ್ಳು ಜಾಸ್ತಿ ಇರೋದೇ ಹಾಕಪ್ಪ."